ಗಾರ್ಡ್ ಡಬ್ಬಿಯಿಂದ ಇಳಿದ ಮೇಲೆ

ನವೆಂಬರ್ ೧೪

ಪ್ರೀತಿಯ ಚೂಟಿ,

ಫೋನಿನಲ್ಲಿ ನೀನು ‘ಹೂಂ’ ಅನ್ನುತ್ತೀಯ, ನಾನು ‘ಸರಿ’ ಅನ್ನುತ್ತೇನೆ, ಅಷ್ಟಕ್ಕೆ ಇಬ್ಬರಿಗೂ ಮಾತು ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ. ಗಾಬರಿಯಾಗಬೇಡ, ನೋಡಲು ಬರುತ್ತೇನೆ ಎಂದು ಹೇಳುವುದಕ್ಕೆ ಬರೆದದ್ದಲ್ಲ. ‘ನಾನು ಹೊಸ ಕಾಲಲ್ಲಿ ನಡೆಯೋ ತನಕ ಅಪ್ಪ ಈ ಕಡೆ ತಲೆ ಹಾಕಬಾರದು’ ಎಂದು ನೀನು ಹೇಳಿ ಕಳಿಸಿದ್ದನ್ನು ನಿನ್ನಮ್ಮ ಒಂದಕ್ಷರ ಬಿಡದೆ ತಲುಪಿಸಿದ್ದಾಳೆ. ಅವಳು ವಾರಕ್ಕೊಮ್ಮೆ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ನಿನ್ನ ಆಸ್ಪತ್ರೆಗೆ ಬಂದು ಹೋಗುತ್ತಾಳಲ್ಲ, ಅವಳು ತಂದ ಸುದ್ದಿಯಲ್ಲೇ ನನ್ನ ಹೊಟ್ಟೆ ತುಂಬಬೇಕು. ತುಂಬಿಸಿಕೊಳ್ಳುತ್ತಿದ್ದೇನೆ.

ರಿಟೈರ್ ಆದವನ ಪಾಡು ನಿನಗೆ ಗೊತ್ತಿಲ್ಲ. ಕುರ್ಚಿಯಲ್ಲಿ ಕೂತರೆ ನಿನ್ನಮ್ಮ ‘ಅಲ್ಲಿ ಬಟ್ಟೆ ಇಡ್ಬೇಕು, ಏಳಿ’ ಅನ್ನುತ್ತಾಳೆ. ಎದ್ದರೆ ‘ಬೆಳಕಿಗೆ ಅಡ್ಡ ನಿಲ್ಬೇಡಿ’ ಅನ್ನುತ್ತಾಳೆ. ನಿನ್ನೆ ನೇರವಾಗಿ ಹೇಳಿಬಿಟ್ಟಳು, ‘ಎಲ್ಲಾದ್ರೂ ಹೋಗಿ ಬನ್ನಿ, ಸಂಜೆವರೆಗೂ ನಿಮ್ಮ ಮುಖ ಕಾಣಬಾರದು.’ ಹೋಗುವುದಾದರೂ ಎಲ್ಲಿಗೆ? ಕಾಲು ತಾನಾಗಿ ಸ್ಟೇಷನ್ನಿಗೆ ಹೋಯಿತು. ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಟಿಕೆಟ್ ತೆಗೆದುಕೊಂಡು ಕೂತದ್ದು ಕಂಡು ಟಿಕೆಟ್ ಕಲೆಕ್ಟರ್ ನಕ್ಕ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದೆ. ನಾವು ಗಾರ್ಡುಗಳು ಅದಕ್ಕೆ ಒಂಟಿ ಬೆಂಚು ಅನ್ನುತ್ತಿದ್ದೆವು, ಇರುವುದೇ ಒಂದು ಬೆಂಚು. ಟೀ ಕುಡಿದು ವಾಪಸ್ಸು ಬರುವುದೆಂದು ನನ್ನ ಯೋಚನೆ. ಆದರೆ ಟಿಕೆಟ್ ಕಿಟಕಿಯ ಪಕ್ಕದಿಂದ ಒಂದು ಗಾಡಿದಾರಿ ಹೊಲದೊಳಗೆ ಇಳಿದುಹೋಗುತ್ತಿತ್ತು. ನೌಕರಿ ಮಾಡಿದಷ್ಟು ವರ್ಷವೂ ಅಲ್ಲಿ ನಿಂತು ಬಾವುಟ ಬೀಸಿದ್ದೇನೆ. ಆ ದಾರಿ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನೇ ಹಿಡಿದು ಅದರಾಚೆಯ ಸ್ಟೇಷನ್ನಿಗೆ, ನಾವು ಕೋತಿ ಸ್ಟೇಷನ್ ಅನ್ನುತ್ತಿದ್ದೆವಲ್ಲ, ಅಲ್ಲಿಗೆ ನಡೆದುಬಿಟ್ಟೆ. ರೈಲಿನಲ್ಲಿ ಅದು ಒಂದು ಲೋಟ ಟೀ ಆರುವಷ್ಟು ಹೊತ್ತು. ನಡೆದರೆ ಅರ್ಧ ದಿನ.

ಚೂಟಿ, ನಾನು ಲೋಕ ನೋಡಿದ್ದೆಲ್ಲ ರೈಲಿನ ಕಟ್ಟಕಡೆಯ ಡಬ್ಬಿಯ ಹಿಂದಿನ ಕಿಟಕಿಯಿಂದ. ಹೋಗುವಾಗ ಹಗಲು, ಬರುವಾಗ ಕತ್ತಲು. ಹಾಗಾಗಿ ನನಗೆ ಗೊತ್ತಿರುವುದು ಪ್ರತಿಯೊಂದರ ಒಂದೇ ಮಗ್ಗುಲು, ಅದೂ ದೂರ ಸರಿಯುತ್ತಿರುವಾಗ. ಎಮ್ಮೆಬೆನ್ನಿನ ಗುಡ್ಡ ನಿನಗೂ ನೆನಪಿರಬೇಕು. ನುಣ್ಣಗೆ, ಕಪ್ಪಗೆ. ಈ ಕಡೆಯಿಂದ ಹೋದರೆ ಅದಕ್ಕೆ ಬೆನ್ನೇ ಇಲ್ಲ. ಕಡಿದಾದ ಬಂಡೆ, ಬಂಡೆಯ ಮೈತುಂಬ ಹೆಜ್ಜೇನು, ಕೆಳಗೆ ನಿಂತರೆ ಇಡೀ ಗುಡ್ಡ ಗುಂಯ್‌ಗುಡುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಹತ್ತಿರ ಹೋದರೆ ನಿರಾಸೆಯಾಗುತ್ತದೆ ಎಂದೇ ನಾನು ಅದರ ಅರ್ಥ ಮಾಡಿಕೊಂಡಿದ್ದೆ. ನಿನ್ನೆ ಆ ಗುಡ್ಡದ ಬುಡದಲ್ಲಿ ಟೋಪಿ ತೆಗೆದು ನಿಂತೆ, ಯಾಕೆಂದು ಕೇಳಬೇಡ.

ಆಮೇಲೆ ದಾರಿ ತಪ್ಪಿದೆ. ಕವಲಿನಲ್ಲಿ ಯಾವ ಮರವೂ ಗುರುತು ಸಿಗಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಮುಖ ಬಂದ ದಾರಿಯ ಕಡೆ ತಿರುಗಿಸಿ ಹಿಮ್ಮುಖವಾಗಿ ನಡೆಯತೊಡಗಿದೆ. ಆಗ ನೋಡು, ಮರ ಗುಡ್ಡ ಎಲ್ಲ ಪರಿಚಯದವರೇ. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು, ‘ಯಜಮಾನ್ರೇ, ಏನಾದ್ರೂ ಬೀಳಿಸ್ಕೊಂಡ್ರಾ?’ ಎಂದಳು. ‘ಇಲ್ಲಮ್ಮ, ಸ್ಟೇಷನ್ನಿಗೆ ಹೋಗ್ತಿದೀನಿ’ ಎಂದೆ. ‘ಹೀಗೆ ಹೋದ್ರೆ ಬಾವಿಗೆ ಹೋಗ್ತೀರಿ’ ಎಂದಳು. ನಿಜವಾಗಿಯೂ ಬೆನ್ನ ಹಿಂದೆ ಬಾವಿಯಿತ್ತು.

ಮನೆಗೆ ಬಂದು ಹೇಳಿದರೆ ನಿನ್ನಮ್ಮ, ‘ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳಿಲ್ಲ’ ಎಂದಳು. ನೀನು ಏನೂ ಹೇಳಬೇಕಾಗಿಲ್ಲ. ಓದಿದರೆ ಸಾಕು.

ನಿನ್ನ ಅಪ್ಪ


ನವೆಂಬರ್ ೨೯

ಅಪ್ಪ,

ಓದಿದೆ. ಬಾವಿಯ ಹತ್ತಿರ ಹುಷಾರಾಗಿರು.

ನಿನ್ನನ್ನು ಬರಬೇಡ ಅಂದದ್ದಕ್ಕೆ ಅಮ್ಮ ನನಗೆ ಚೆನ್ನಾಗಿ ಬೈದಳು. ಕಾರಣವನ್ನು ಅವಳಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಲಾರಿ ಗುದ್ದಿದ ಮಾರನೆಯ ದಿನ, ಕಾಲು ತೆಗೆದ ಮೇಲೆ, ನೀನು ವಾರ್ಡಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದೆಯಲ್ಲ, ಆ ನೋಟ ನನಗೆ ಗೊತ್ತು. ಚಿಕ್ಕವಳಿದ್ದಾಗ ನಮ್ಮ ಮನೆ ಹತ್ತಿರದ ರೈಲ್ವೆ ಗೇಟಿನಲ್ಲಿ ನಿಂತು ನಿನ್ನ ರೈಲಿಗೆ ಕೈಬೀಸುತ್ತಿದ್ದೆ. ನೀನು ಡಬ್ಬಿಯ ಬಾಗಿಲಲ್ಲಿ ನಿಂತು, ನಾನು ಕಾಣದಾಗುವವರೆಗೂ ನೋಡುತ್ತಿದ್ದೆ. ಅದೇ ನೋಟ. ಆದರೆ ಆಸ್ಪತ್ರೆಯಲ್ಲಿ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ, ಅಪ್ಪ. ಮಂಚದ ಮೇಲೆ ಅಲ್ಲೇ ಇದ್ದೆ. ಹೋಗಿಬಿಟ್ಟವಳನ್ನು ನೋಡುವ ಹಾಗೆ ನೀನು ನೋಡಿದೆ.

ನನ್ನದು ಸರ್ವೇಯರ್ ಕೆಲಸ. ಹೊಲ ಹೊಲ ನಡೆದು ಅಳೆಯುವುದೇ ನನ್ನ ಅನ್ನ. ಮತ್ತೆ ಅಲ್ಲಿ ಇಳಿಯುತ್ತೇನೋ ಇಲ್ಲವೋ ಎಂದು ನನಗೇ ಧೈರ್ಯವಿಲ್ಲದಿರುವಾಗ ಆ ಕಣ್ಣುಗಳನ್ನು ಎದುರಿಗಿಟ್ಟುಕೊಂಡು ನಡೆಯುವುದು ಕಲಿಯಲಾರೆ. ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಬರೆಯುವುದು ನಿಲ್ಲಿಸಬೇಡ.

ಚೂಟಿ


ಡಿಸೆಂಬರ್ ೧೬

ಪ್ರೀತಿಯ ಚೂಟಿ,

ನಿನ್ನ ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು ಎರಡು ಸಲ ನಡೆದು ಬಂದೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ನನ್ನ ಮಾನ ಹೋದ ಸುದ್ದಿ. ಕೋತಿ ಸ್ಟೇಷನ್ನು ದಾಟಿದ ಮೇಲೆ ಒಂದು ಗುಡಿಸಲು, ಅದರ ಮುಂದೆ ಬಿಳಿ ಸೀರೆಯ ಅಜ್ಜಿ ಕೈ ಎತ್ತಿ ನಿಂತಿರುತ್ತಿದ್ದಳೆಂದು ಮನೆಯಲ್ಲಿ ಎಷ್ಟು ಸಲ ಹೇಳಿಲ್ಲ ನಾನು. ‘ಮಳೆಯಿರಲಿ ಬಿಸಿಲಿರಲಿ, ನನ್ನ ರೈಲಿಗೆ ಕೈಯೆತ್ತದೆ ಅವಳಿಗೆ ದಿನ ಕಳೆಯಲ್ಲ’ ಎಂದು ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ನಾನೂ ಹಸಿರು ಬಾವುಟ ತೋರಿಸುತ್ತಿದ್ದೆ. ಈಗ ಅವಳನ್ನು ಕಂಡು ಮಾತಾಡಿಸೋಣವೆಂದು ಬಿಸ್ಕೆಟ್ ಪೊಟ್ಟಣ ಕಟ್ಟಿಕೊಂಡು ಹೋದೆ.

ಬೆದರುಬೊಂಬೆ, ಕಣೇ. ಎರಡು ಕೋಲು, ಒಂದು ಮಡಕೆ, ಒಂದು ಹಳೆಯ ಬಿಳಿ ಬಟ್ಟೆ. ಹೊಲದ ಯಜಮಾನ ಬಂದು, ‘ಏನ್ ಸಾರ್, ಗೊಂಬೆ ಮುಂದೆ ಬಿಸ್ಕೆಟ್ ಹಿಡ್ಕೊಂಡ್ ನಿಂತಿದೀರಿ?’ ಎಂದು ಕೇಳಿದ. ಅವನಿಗೇ ಪೊಟ್ಟಣ ಕೊಟ್ಟೆ. ಇಬ್ಬರೂ ಬದುವಿನ ಮೇಲೆ ಕೂತು ತಿಂದೆವು. ‘ಇದನ್ನ ನಮ್ಮಪ್ಪನ ಕಾಲದಿಂದ ವರ್ಷವರ್ಷ ಹೊಸದು ಮಾಡ್ತೀವಿ. ಹಕ್ಕಿಗಳು ಹೆದರೋದು ಬಿಟ್ಟು ಯಾವ ಕಾಲ ಆಯ್ತೋ. ಆದ್ರೂ ಇರ್ಲಿ ಅಂತ’ ಎಂದ. ನಿನ್ನಮ್ಮನಿಗೆ ಹೇಳಬಾರದೆಂದಿದ್ದೆ. ಬಾಯಿ ಸುಮ್ಮನಿರಲಿಲ್ಲ. ಅವಳು ಮಷಿನ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನ ಅಪಘಾತ ಆದಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಇನ್ನು ನಿಜವಾದ ಸುದ್ದಿ. ಆ ಹೊಲದಾಚೆ ಸಣ್ಣ ಏರಿಯಿದೆ. ರೈಲಿನಿಂದ ನೋಡಿದರೆ ಅದು ಬರೀ ಮಣ್ಣಿನ ದಿಬ್ಬ. ಹತ್ತಿ ನಿಂತರೆ ಆಚೆ ಕೆರೆ, ಕೆರೆಯೆಂದರೆ ನೀರೇ ಕಾಣದಷ್ಟು ಹಕ್ಕಿ. ಬಿಳಿಯವು, ಬೂದಿಯವು, ಉದ್ದ ಕೊಕ್ಕಿನವು. ಆಗ ಮಧ್ಯಾಹ್ನದ ರೈಲು ಸೀಟಿ ಹೊಡೆಯಿತು. ಎಲ್ಲವೂ ಒಟ್ಟಿಗೆ ಎದ್ದವು. ನೆಲವೇ ಎದ್ದು ಹೋಯಿತೇನೋ ಅನ್ನಿಸಿ ನಾನು ಕೂತುಬಿಟ್ಟೆ. ತಲೆಯ ಮೇಲೆ ರೆಕ್ಕೆಗಳ ಗಾಳಿ ತಗುಲಿತು. ನನ್ನ ರೈಲೂ ಅಷ್ಟು ವರ್ಷ ಅಲ್ಲಿ ಸೀಟಿ ಹೊಡೆದಿದೆ. ಪ್ರತಿ ಸಲವೂ ದಿಬ್ಬದ ಆಚೆ ಹೀಗೇ ಆಗುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಅವೆಲ್ಲ ಮತ್ತೆ ನೀರಿಗಿಳಿಯುವವರೆಗೂ ಕೂತೇ ಇದ್ದೆ, ಮಗಳೇ.

ನಿನ್ನ ಅಪ್ಪ


ಜನವರಿ ೬

ಅಪ್ಪ,

ಬೆದರುಬೊಂಬೆಗೆ ಬಾವುಟ ತೋರಿಸಿದ ಗಾರ್ಡು ರೈಲ್ವೆ ಇಲಾಖೆಯಲ್ಲೇ ನೀನೊಬ್ಬನಿರಬೇಕು. ಇಡೀ ವಾರ್ಡಿಗೆ ಓದಿ ಹೇಳಿದೆ. ಪಕ್ಕದ ಮಂಚದ ಟೀಚರಮ್ಮನಿಗೆ ನಗು ತಡೆಯಲಾಗದೆ ಹೊಲಿಗೆ ಬಿಚ್ಚುವುದೊಂದು ಬಾಕಿ. ಇನ್ನು ಮುಂದೆ ನಿನ್ನ ಕಾಲೆಳೆಯುವುದಕ್ಕೆ ನನಗೆ ಸರಕು ಸಿಕ್ಕಿತು. ನೀನು ಮಾತ್ರ ನನ್ನ ಕಾಲೆಳೆಯುವಾಗ ಹುಷಾರು, ಎಳೆದರೆ ಕೈಗೇ ಬಂದುಬಿಡುತ್ತದೆ.

ಹೊಸ ಕಾಲು ಬಂದಿದೆ. ಮಂಡಿಯ ಕೆಳಗೆ ತೊಡಿಸಿ ಬೆಲ್ಟು ಬಿಗಿಯುತ್ತಾರೆ. ಎರಡು ಕಡೆ ಕಂಬಿ ಹಿಡಿದು ಅವುಗಳ ನಡುವೆ ಹೆಜ್ಜೆ ಹಾಕಬೇಕು. ಮೊದಲ ದಿನ ನಿಂತ ಕೂಡಲೇ ಅತ್ತುಬಿಟ್ಟೆ. ಕಾಲಿನ ತುದಿ ಸುಟ್ಟ ಹಾಗೆ ಉರಿಯಿತು, ಮುಂದಕ್ಕೆ ಹೆಜ್ಜೆಯೇ ಬರಲಿಲ್ಲ. ಬಿದ್ದೇ ಬೀಳುತ್ತೇನೆ ಎಂಬ ಭಯ. ಮೂರು ದಿನ ಅದೇ ಗೋಳು.

ನಾಲ್ಕನೆಯ ದಿನ ಫಿಸಿಯೋ ಮೇಡಂ, ‘ಮುಂದೆ ಬೇಡ, ಹಿಂದಕ್ಕೆ ನಡಿ ನೋಡೋಣ’ ಎಂದರು. ನನಗೆ ತಕ್ಷಣ ಬಾವಿಯ ದಾರಿಯಲ್ಲಿದ್ದ ನೀನು ನೆನಪಾದೆ. ನಗು ಬಂತು. ನಗುತ್ತಲೇ ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಕಂಬಿ ಮುಗಿದು ಗೋಡೆ ಬೆನ್ನಿಗೆ ತಗುಲಿದಾಗಲೇ ಗೊತ್ತಾದದ್ದು, ಅಷ್ಟು ದೂರ ನಡೆದಿದ್ದೇನೆ ಎಂದು. ಮೇಡಂ, ‘ಯಾಕಮ್ಮ ನಗ್ತಿದೀಯ?’ ಎಂದರು. ‘ನಮ್ಮನೇಲಿ ಎಲ್ರೂ ಹೀಗೇ ನಡೆಯೋದು ಮೇಡಂ’ ಎಂದೆ.

ಕೆರೆಯ ಹಕ್ಕಿಗಳ ಸಾಲುಗಳನ್ನು ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಓದಿಕೊಂಡೆ. ಮುಂದಿನ ನಡಿಗೆ ಯಾವಾಗ?

ಚೂಟಿ


ಜನವರಿ ೨೨

ಪ್ರೀತಿಯ ಚೂಟಿ,

ನೀನು ನಕ್ಕ ಸುದ್ದಿಯನ್ನು ನಿನ್ನಮ್ಮನಿಗೆ ಜೋರಾಗಿ ಓದಿ ಹೇಳಬೇಕೆಂದು ಹೋದೆ. ಕಾಲಿನ ಸಾಲು ಬಂದಾಗ ಕಾಗದ ಅವಳ ಕೈಗೆ ಕೊಟ್ಟು, ಹಿತ್ತಲಲ್ಲಿ ಕೆಲಸವಿದೆ ಎಂದು ಎದ್ದುಹೋದೆ. ನಮಗೆ ಹಿತ್ತಲೇ ಇಲ್ಲ ಎಂದು ಅವಳು ಆಮೇಲೆ ನೆನಪಿಸಿದಳು.

ಈ ಸಲ ಸೇತುವೆ ಸ್ಟೇಷನ್ನಿನಿಂದ ನಡೆದೆ. ನದಿಯ ಸೇತುವೆಯ ಮೇಲೆ ನಾನು ಎಷ್ಟು ಸಾವಿರ ಸಲ ದಾಟಿದ್ದೇನೋ. ಡಬ್ಬಿಯಲ್ಲಿ ಸದ್ದು ಬದಲಾಗುತ್ತದೆ, ಕಿಟಕಿಯಲ್ಲಿ ಕಂಬಿಗಳು ಓಡುತ್ತವೆ, ಮುಗಿಯಿತು. ಸೇತುವೆಯೆಂದರೆ ನನಗೆ ಬರೀ ಒಂದು ಸದ್ದು. ಈಗ ನೀರು ಕಡಿಮೆಯಾಗಿದೆ, ಮರಳಿನ ಮೇಲೆ ಇಳಿದು ಕಮಾನಿನ ಅಡಿಗೆ ಹೋದೆ.

ಕತ್ತೆತ್ತಿ ನೋಡಿದವನು ಕತ್ತು ಇಳಿಸಲಿಲ್ಲ. ಅಷ್ಟು ಎತ್ತರದಲ್ಲಿ, ಕಮಾನಿನ ಒಳಮೈಯುದ್ದಕ್ಕೂ ಕಲ್ಲಿನಲ್ಲಿ ಹೂವಿನ ಸಾಲು ಕೆತ್ತಿದ್ದಾರೆ. ಒಂದು ಹೂವಿನ ಹಾಗೆ ಇನ್ನೊಂದಿಲ್ಲ. ಯಾರಿಗಾಗಿ ಕೆತ್ತಿದರು? ರೈಲಿನವರಿಗೆ ಅದು ಕಾಣುವುದೇ ಸಾಧ್ಯವಿಲ್ಲ. ಅಡಿಯಲ್ಲಿ ಊರಿಲ್ಲ, ದಾರಿಯಿಲ್ಲ. ಬಟ್ಟೆ ಒಗೆಯುತ್ತಿದ್ದ ಒಬ್ಬಳನ್ನು ಕೇಳಿದೆ. ‘ಯಾರಿಗೋ ಏನೋ, ನೀರಿಗೆ ಕಾಣುತ್ತಲ್ಲ’ ಎಂದಳು. ನಿಜ, ನೀರಿನಲ್ಲಿ ಆ ಹೂವುಗಳೆಲ್ಲ ಬಿದ್ದಿದ್ದವು.

ಕಂಬದ ಕಲ್ಲಿಗೆ ಅಂಗೈ ಒತ್ತಿ ನಿಂತಿದ್ದಾಗ ಕಲ್ಲು ಸಣ್ಣಗೆ ನಡುಗಿತು. ನನಗೆ ರೈಲು ಬರುವುದು ಸಿಗ್ನಲ್ಲಿನಿಂದ ಗೊತ್ತಾಗುತ್ತಿತ್ತು, ಗಂಟೆಯಿಂದ ಗೊತ್ತಾಗುತ್ತಿತ್ತು. ಕೈಗೆ ಗೊತ್ತಾದದ್ದು ಅವತ್ತೇ. ಆಮೇಲೆ ತಲೆಯ ಮೇಲೆ ಇಡೀ ರೈಲು ಹೋಯಿತು. ಅಷ್ಟು ಭಾರ ಹೊತ್ತೂ ಕಮಾನಿನಿಂದ ಒಂದು ಹಿಡಿ ಮಣ್ಣು ಉದುರಲಿಲ್ಲ. ಇದನ್ನು ನಂಬಿಕೊಂಡು ಇಷ್ಟು ವರ್ಷ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದಿದ್ದೆನಲ್ಲ, ಕೃತಜ್ಞತೆ ಹೇಳದೆ. ಅವತ್ತು ಆ ಕಲ್ಲಿಗೆ ಕೈಮುಗಿದೆ. ಬಟ್ಟೆ ಒಗೆಯುವವಳು ನೋಡಿದಳು, ನೋಡಲಿ.

ನಿನ್ನ ಅಪ್ಪ


ಫೆಬ್ರವರಿ ೪

ಅಪ್ಪ,

ಸರ್ವೇಯರನ್ನು ಏಮಾರಿಸುವುದು ಅಷ್ಟು ಸುಲಭವಲ್ಲ. ನಿನ್ನ ಕಾಗದಗಳನ್ನು ಮಂಚದ ಮೇಲೆ ಹರಡಿಕೊಂಡು ನಿನ್ನ ನಡಿಗೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿದೆ. ಒಂಟಿ ಬೆಂಚು, ಅಲ್ಲಿಂದ ಕೋತಿ ಸ್ಟೇಷನ್, ಅಲ್ಲಿಂದ ಸೇತುವೆ. ಒಂದು ನಡಿಗೆ ಮುಗಿದಲ್ಲೇ ಇನ್ನೊಂದು ಶುರು. ಎಲ್ಲವೂ ಒಂದೇ ದಿಕ್ಕಿಗೆ. ಆ ದಿಕ್ಕಿನ ಕೊನೆಯ ಸ್ಟೇಷನ್ನಿನ ಎದುರಿಗಿರುವುದು ಈ ಆಸ್ಪತ್ರೆ.

ನೀನು ಗಾಳಿ ಸೇವನೆಗೆ ಹೋಗುತ್ತಿಲ್ಲ. ನನ್ನ ಹತ್ತಿರ ಬರುತ್ತಿದ್ದೀಯ.

ಸಿಟ್ಟು ಬಂತು. ಆಮೇಲೆ ಸಿಟ್ಟು ಬಂದದ್ದಕ್ಕೆ ಅಳು ಬಂತು. ನಿನ್ನೆ ಕಂಬಿ ಬಿಟ್ಟು ನಡೆಯಲು ಹೋಗಿ ಎಲ್ಲರೆದುರು ಬಿದ್ದೆ. ಹಲ್ಲಿಗೆ ತುಟಿ ಸಿಕ್ಕಿ ರಕ್ತ ಬಂತು. ಆ ಹೊತ್ತಿನಲ್ಲಿ ನೀನು ಬಾಗಿಲಲ್ಲಿ ನಿಂತಿದ್ದರೆ ಎಂದು ಯೋಚಿಸಿ ಇವತ್ತು ಕಂಬಿ ಬಿಡಲೇ ಇಲ್ಲ. ಇನ್ನು ಉಳಿದಿರುವುದು ಎರಡೇ ನಡಿಗೆ. ಬರಬೇಡ ಅಪ್ಪ. ದಯವಿಟ್ಟು.

ಚೂಟಿ


ಫೆಬ್ರವರಿ ೧೧

ಪ್ರೀತಿಯ ಚೂಟಿ,

ಸಿಕ್ಕಿಬಿದ್ದೆ. ಮೊದಲ ದಿನ ನಿಜವಾಗಿಯೂ ಟೀ ಕುಡಿಯಲೆಂದೇ ಹೋದದ್ದು. ಆದರೆ ಎರಡನೆಯ ಸಲ ಸ್ಟೇಷನ್ನಿನಲ್ಲಿ ನಿಂತಾಗ ಕಾಲು ಮನೆಯ ಕಡೆ ತಿರುಗಲಿಲ್ಲ. ಅದನ್ನು ನಿನಗೆ ಹೇಳಲು ಧೈರ್ಯ ಬರಲಿಲ್ಲ.

ಒಂದು ನಡಿಗೆಯನ್ನು ನಿನ್ನ ಕಾಗದ ತಲುಪುವ ಮೊದಲೇ ಮುಗಿಸಿಬಿಟ್ಟಿದ್ದೇನೆ, ಅದನ್ನು ವಾಪಸ್ಸು ತೆಗೆದುಕೊಳ್ಳಲು ಬರುವುದಿಲ್ಲ. ನಡಿಗೆ ಈಗ ಬಂದು ನಿಂತಿರುವುದು ನಿನ್ನ ಆಸ್ಪತ್ರೆಯ ಊರಿನ ಹಿಂದಿನ ಸ್ಟೇಷನ್ನಿನಲ್ಲಿ, ಹಳೆಯ ನೀರಿನ ಟ್ಯಾಂಕು ಇದೆಯಲ್ಲ, ಅಲ್ಲಿ. ಮುಂದೆ ಬರುವುದಿಲ್ಲ. ನನ್ನ ಕೆಲಸದಲ್ಲಿ ಕಲಿತ ಮೊದಲ ಪಾಠ, ಸ್ಟೇಷನ್ನು ಸಿಗ್ನಲ್ ಕೊಡದಿದ್ದರೆ ರೈಲು ಒಳಗೆ ಬರುವ ಹಾಗಿಲ್ಲ. ಊರ ಹೊರಗಿನ ಔಟರ್ ಸಿಗ್ನಲ್ಲಿನಲ್ಲೇ ನಿಲ್ಲಬೇಕು. ಪ್ಯಾಸೆಂಜರುಗಳು ಇಳಿದು ಬೈಯುತ್ತಾರೆ, ಗಾರ್ಡು ಬೈಸಿಕೊಂಡು ನಿಲ್ಲುತ್ತಾನೆ. ಸ್ಟೇಷನ್ನಿಗೆ ಅದರದೇ ಕಾರಣವಿರುತ್ತದೆ.

ವಾರಕ್ಕೊಮ್ಮೆ ಬಂದು ಟ್ಯಾಂಕಿನ ನೆರಳಲ್ಲಿ ಕೂತು ಹೋಗುತ್ತೇನೆ. ಅಲ್ಲಿಂದ ಕಾಲುವೆಯ ಏರಿ ಶುರುವಾಗುತ್ತದೆ, ನೂಲು ಹಿಡಿದ ಹಾಗೆ ನೇರ, ನಿನ್ನ ಊರಿನವರೆಗೂ. ಅದರ ಮೇಲೆ ಕಾಲಿಟ್ಟಿಲ್ಲ. ಇಡುವುದೂ ಇಲ್ಲ.

ಬಿದ್ದಾಗ ಒಡೆದ ತುಟಿ ಹೇಗಿದೆ?

ನಿನ್ನ ಅಪ್ಪ


ಮಾರ್ಚ್ ೨೫

ಅಪ್ಪ,

ಏಳು ವಾರ ಬರೆಯಲಿಲ್ಲ. ನೀನು ಪ್ರತಿ ವಾರ ಟ್ಯಾಂಕಿನ ಹತ್ತಿರ ಬಂದು ಕೂತು ಹೋಗುವುದನ್ನು ಅಮ್ಮ ಹೇಳುತ್ತಿದ್ದಳು. ‘ಅಲ್ಲಿನ ನಾಯಿಗೂ ಇವರಿಗೂ ಸ್ನೇಹ ಆಗಿದೆ, ಮನೆಗೆ ಕರ್ಕೊಂಡ್ ಬರ್ತಾರೇನೋ ಅಂತ ನನ್ಗೆ ಭಯ’ ಅಂದಳು.

ಬರುವ ಶನಿವಾರ ಬೆಳಗಿನ ರೈಲಿಗೆ ಬಾ. ಟ್ಯಾಂಕಿನ ಹತ್ತಿರ ಇಳಿದು ಕಾಲುವೆಯ ಏರಿ ಹಿಡಿ. ಮುಖ ಮುಂದೆ ಮಾಡಿಕೊಂಡು ನಡಿ.

ಸಿಗ್ನಲ್ ಕೊಟ್ಟಿದೆ.

ಚೂಟಿ


ಏಪ್ರಿಲ್ ೧

ಪ್ರೀತಿಯ ಚೂಟಿ,

ಶನಿವಾರ ಇಡೀ ದಿನ ಜೊತೆಗಿದ್ದೂ ನಾನು ಟೀ ವಿಷಯ, ನಾಯಿ ವಿಷಯ, ಆಸ್ಪತ್ರೆಯ ಫ್ಯಾನಿನ ಸದ್ದಿನ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮನೆಗೆ ಬಂದು ನಾಲ್ಕು ದಿನವಾಯಿತು, ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೀಯ ಎಂದುಕೊಂಡೇ ಹೊರಟಿದ್ದೆ. ಏರಿಯ ಎರಡೂ ಕಡೆ ಪೈರು ಹಸಿರಾಗಿತ್ತು. ಕಾಲುವೆಯಲ್ಲಿ ನೀರು ನಾನು ಹೋಗುತ್ತಿದ್ದ ಕಡೆಗೇ ಹರಿಯುತ್ತಿತ್ತು. ನಿನ್ನ ಊರಿನ ಮನೆಗಳು ಇನ್ನೂ ಕಾಣುವಷ್ಟು ಹತ್ತಿರ ಬಂದಿರಲಿಲ್ಲ. ಆಗ ಏರಿಯ ಮೇಲೆ, ತುಂಬ ದೂರದಲ್ಲಿ, ಒಂದು ಚುಕ್ಕೆ ಕಂಡಿತು. ಯಾರೋ ಕುರಿ ಕಾಯುವವರು ಎಂದುಕೊಂಡೆ. ಆಮೇಲೆ ಆ ಚುಕ್ಕೆ ಒಂದು ಕಡೆಗೆ ಸ್ವಲ್ಪ ವಾಲಿ ಏಳುವುದು ಕಂಡಿತು, ಪ್ರತಿ ಹೆಜ್ಜೆಗೂ.

ನನಗೆ ಚುಕ್ಕೆಗಳ ಅಭ್ಯಾಸವಿದೆ. ಪ್ಲಾಟ್‌ಫಾರಂ ಮೇಲೆ ನಿಂತ ಯಾರೇ ಆಗಲಿ, ನನ್ನ ಕಿಟಕಿಯಲ್ಲಿ ಅವರಿಗೆ ಒಂದೇ ಗತಿ. ಮೊದಲು ಮುಖ ಹೋಗುತ್ತದೆ, ಆಮೇಲೆ ಕೈ, ಆಮೇಲೆ ಬಟ್ಟೆಯ ಬಣ್ಣ, ಕೊನೆಗೆ ಚುಕ್ಕೆ, ಅದೂ ಹೋಗುತ್ತದೆ. ಗೇಟಿನಲ್ಲಿ ನಿಂತ ನೀನೂ ದಿನಾ ಹಾಗೇ ಹೋದೆ. ಆಸ್ಪತ್ರೆಯ ಬಾಗಿಲಲ್ಲಿ ನಿನ್ನನ್ನು ಹಾಗೆ ನೋಡಿದೆ ಎಂದೆಯಲ್ಲ. ನನಗೆ ಬೇರೆ ರೀತಿ ನೋಡಲು ಬರುತ್ತಿರಲಿಲ್ಲ ಮಗಳೇ. ಕಲಿತದ್ದೇ ಅದೊಂದು.

ಶನಿವಾರ ಆ ಚುಕ್ಕೆಗೆ ಮೊದಲು ಬಣ್ಣ ಬಂತು. ಹಳದಿ. ಆಮೇಲೆ ಕೈ ಬಂತು, ಕೈಯಲ್ಲಿ ಕೋಲು ಬಂತು. ಕೊನೆಗೆ ಮುಖ ಬಂತು, ಅದು ನಿನ್ನದಾಗಿತ್ತು. ಇಷ್ಟು ವಯಸ್ಸಿಗೆ ಗುಡ್ಡ ನೋಡಿದೆ, ಹಕ್ಕಿ ನೋಡಿದೆ, ಕಲ್ಲಿನ ಹೂವು ನೋಡಿದೆ. ಅವೆಲ್ಲ ಸೇರಿ ಇದರ ಕಾಲಿನ ಧೂಳಿಗೆ ಸಮವಲ್ಲ.

ಹತ್ತಿರ ಬಂದವಳು ಬೆವರು ಒರೆಸಿಕೊಂಡು ಮೊದಲು ಬೈದೆ. ‘ಏನಪ್ಪಾ ನೀನು, ಕಂಬದ ಹಾಗೆ ನಿಂತೇ ಬಿಟ್ಯಲ್ಲ. ಕಾಲು ನೋಯ್ತಿದ್ದದ್ದು ನಂಗೆ. ನೀನು ನಾಲ್ಕು ಹೆಜ್ಜೆ ಮುಂದೆ ಬರಬಾರ್ದಿತ್ತಾ?’ ನಾನು, ‘ಹೊಸ ಶೂ ಕಚ್ತಿದೆ ಕಣೆ’ ಎಂದೆ. ನೀನು ನಂಬಿ, ಸಂಜೆ ನನ್ನ ಹಿಮ್ಮಡಿಗೆ ಹಚ್ಚಲು ನರ್ಸಿನ ಹತ್ತಿರ ಮುಲಾಮು ಬೇರೆ ಕೇಳಿ ತಂದೆ. ಸುಮ್ಮನೆ ಹಚ್ಚಿಸಿಕೊಂಡೆ.

ನಾನೂ ನಡೆಯುತ್ತಿದ್ದರೆ, ಹತ್ತಿರವಾಗುತ್ತಿರುವುದು ನಾನೋ ನೀನೋ ಹೇಗೆ ತಿಳಿಯಬೇಕು? ಅದಕ್ಕೇ ನಿಂತೆ. ನಾನು ನಿಂತ ಮೇಲೂ ನೀನು ದೊಡ್ಡವಳಾಗುತ್ತಲೇ ಇದ್ದೆ.

ಶೂ ಎಲ್ಲೂ ಕಚ್ಚಿರಲಿಲ್ಲ.

ನಿನ್ನ ಅಪ್ಪ